ಮಾವನವರ ಎಡೆಗೆ ಒಂದು ಪೆಗ್

ನೆನೆಹಾಕಿದ ಹುಣಸೆಹಣ್ಣಿನ ವಾಸನೆಗೆ ಎಲ್ಲರಿಗೂ ಸಾರು ನೆನಪಾದರೆ ನನಗೆ ಬಾರು ನೆನಪಾಗುತ್ತದೆ. ಇವತ್ತು ಬೆಳಿಗ್ಗೆ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಬಟ್ಟಲು ಹುಣಸೆಹಣ್ಣು ನೆನೆಯುತ್ತಿತ್ತು, ನಾನು ಅದನ್ನು ದಾಟಿ ಹೋದಾಗಲೆಲ್ಲ ಒಬ್ಬಳೇ ನಗುತ್ತಿದ್ದೆ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವ, ಬೆಳಗಾದರೆ ವಿಭೂತಿ ಧರಿಸುವ ಮನೆತನದ ಸೊಸೆಗೆ ಬಾರಿನ ನೆನಪು ಎಲ್ಲಿಂದ ಬಂತು ಎಂದು ನೀವು ಹುಬ್ಬೇರಿಸುವ ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದಲ್ಲ, ನನ್ನ ಅತ್ತೆಯದು.

ನಮ್ಮ ಮಾವ ಶನಿವಾರ ಬಂತೆಂದರೆ ಹೊಸಪೇಟೆಗೆ ಹೋಗುತ್ತಿದ್ದರು. ಹೇಳಿಕೊಳ್ಳಲಿಕ್ಕೆ ಅಕ್ಕಿ ವ್ಯಾಪಾರ. ನಿಜಕ್ಕೆ ಅಲ್ಲಿಯ ಒಂದು ಬಾರಿನಲ್ಲಿ ಕೂತು ರಮ್ ಬೆರೆಸಿದ ಒಂದು ಲೋಟ ಏನನ್ನೋ ಕುಡಿದು, ಬಾಯಿಗೆ ಲವಂಗ ಹಾಕಿಕೊಂಡು ಸಂಜೆಯ ಬಸ್ಸಿಗೆ ಮರಳುತ್ತಿದ್ದರು. ಇದು ಊರಿಗೆಲ್ಲ ಗೊತ್ತಿತ್ತು. ಯಾರಿಗೂ ಗೊತ್ತಿಲ್ಲ ಎಂದು ಮಾವ ಒಬ್ಬರೇ ನಂಬಿದ್ದರು. ಒಳ್ಳೆಯ ಮನುಷ್ಯ, ಆದರೆ ಮನೆಯ ಅಡುಗೆಯನ್ನು ಚೆನ್ನಾಗಿದೆ ಅಂದವರಲ್ಲ. ಹೋಳಿಗೆ ಬಡಿಸಿದರೂ 'ಹೂಂ', ಪಲ್ಯಕ್ಕೆ ಉಪ್ಪು ಮರೆತರೂ 'ಹೂಂ'. ಅತ್ತೆಗೆ ಆ ಬಾರು ಸವತಿಯಿದ್ದಂತೆ. ಹೆಸರೆತ್ತದೆ 'ಅಲ್ಲಿ' ಎಂದಷ್ಟೇ ಅನ್ನುತ್ತಿದ್ದರು.

ಮಾವ ತೀರಿಕೊಂಡು ವರ್ಷ ತುಂಬುವ ಹೊತ್ತಿಗೆ ಎಡೆಯ ಮಾತು ಬಂತು. ಹೋದವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಫೋಟೋದ ಮುಂದೆ ಇಡಬೇಕಲ್ಲ. ನಾನು ಹೋಳಿಗೆ, ಮಿರ್ಚಿ, ಎಣಗಾಯಿ ಎಂದು ಒಂದೊಂದೇ ಹೇಳುತ್ತಾ ಹೋದೆ. ಅತ್ತೆ ನಡುವೆ ಬಾಯಿ ಹಾಕಿ, "ಅಲ್ಲಿ ಕುಡಿತಿದ್ರಲ್ಲ, ಅದನ್ನೂ ಮಾಡು" ಅಂದರು.

ನನ್ನ ಗಂಡ ಚಹಾದ ಲೋಟ ಕೆಳಗಿಟ್ಟು ಎದ್ದೇ ನಿಂತರು. "ಯವ್ವಾ, ಲಿಂಗಪೂಜಿ ನಡಿಯೋ ಮನಿ ಇದು. ರಮ್ ತಂದು ಎಡಿ ಇಡ್ತಾರೇನ?"

"ಹೊಟ್ಯಾಗ ಇಟ್ಕೊಂಡು ಬಂದಾಗ ನಿಮ್ಮಪ್ಪ ಹೊರಗ ಮಲಗ್ತಿದ್ರೇನ? ಇದ ಮನಿಯಾಗ ಮಲಗ್ತಿದ್ರು." ಆಮೇಲೆ ದನಿ ತಗ್ಗಿಸಿ ನನಗೆ ಹೇಳಿದರು. "ನನ್ನ ಕೈಯಾಗ ಇಲ್ಲದ್ದು ಅದರಾಗ ಏನಿತ್ತು ಅಂತ ಒಮ್ಮಿ ನೋಡ್ಬೇಕವಾ. ಅಲ್ಲೀತನಕ ನನಗ ಸಮಾಧಾನಿಲ್ಲ."

ಆ ಮಾತಿಗೆ ಇಲ್ಲ ಅನ್ನಲಾಗಲಿಲ್ಲ.

ಹೀಗೆ ನಮ್ಮ ಮನೆಗೆ ರಮ್ಮಿನ ಬಾಟಲಿಯ ಆಗಮನವಾಯಿತು, ತೌಡಿನ ಚೀಲದಲ್ಲಿ, ತೌಡಿನ ನಡುವೆ ಹೂತುಕೊಂಡು. ಆ ಲೋಟದೊಳಗೆ ರಮ್ಮಿನ ಜೊತೆ ಏನೇನು ಬೀಳುತ್ತದೆಂದು ಯಾರಿಗೆ ಗೊತ್ತು? ಅಪ್ಪನ ಬಾಯಿಂದ ಲವಂಗದ ಜೊತೆಗೆ ಹುಣಸೆ, ಬೆಲ್ಲದ ವಾಸನೆಯೂ ಬರುತ್ತಿತ್ತೆಂದು ಗಂಡ ಸಾಕ್ಷಿ ನುಡಿದರು. ಅಷ್ಟನ್ನೇ ನಂಬಿ ಕಲಸಿದೆ. ನಮ್ಮ ಎಮ್ಮೆಗೆ ಹೊಟ್ಟೆ ಉಬ್ಬರಿಸಿದಾಗ ಕುಡಿಸುವ ಔಷಧಿ ಇದಕ್ಕಿಂತ ಮೇಲಿತ್ತು. ಅತ್ತೆ ಬೆರಳ ತುದಿಯಲ್ಲಿ ನೆಕ್ಕಿ, "ಇದಕ್ಕ ಯಾರರ ಶನಿವಾರ ಶನಿವಾರ ಬಸ್ ಹತ್ತತಾರೇನ? ಇದಲ್ಲ ತಗಿ" ಅಂದರು.

ಕೊನೆಗೆ ನಾನೂ ನನ್ನ ಗಂಡನೂ 'ಅಲ್ಲಿ'ಗೇ ಹೋದೆವು. ಗಂಡ ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡಿದ್ದರು. ಹೊಸಪೇಟೆಯ ಕೆಂಪು ಧೂಳು ಇಂಥ ಹೊತ್ತಿಗೆ ಉಪಕಾರಕ್ಕೆ ಬರುತ್ತದೆ. ಫ್ಯಾಮಿಲಿ ರೂಮ್ ಎಂಬ, ಪರದೆ ಇಳಿಬಿಟ್ಟ ಗೂಡಿನಲ್ಲಿ ಕೂತೆವು. ಪಕ್ಕದ ಪರದೆಯ ಹಿಂದೆ ನಮ್ಮ ಬೀಗರ ಕೆಮ್ಮು ಕೇಳಿಸಿತು. ಅವರಿಗೂ ನಮ್ಮ ಪಿಸುಮಾತು ಕೇಳಿಸಿರಬೇಕು. ಇಂದಿಗೂ ಎರಡು ಮನೆಯವರೂ ಆ ವಿಷಯ ಎತ್ತಿಲ್ಲ.

ಶನಿವಾರಕ್ಕೊಮ್ಮೆ ಕಂಪ್ಲಿಯಿಂದ ಬರುತ್ತಿದ್ದ ಹಿರಿಯರು ಏನು ಕುಡಿಯುತ್ತಿದ್ದರೆಂದು ಗಂಡ ಮಾಣಿಯನ್ನು ಕೇಳಿದರು. "ಕಂಪ್ಲಿ ಸಾವ್ಕಾರ್ರ ಸ್ಪೆಷಲ್ ಏನ್ರಿ?" ಮಾಣಿ ನಕ್ಕ. "ಅದನ್ನ ಅವ್ರೇ ನಮಗ ಕಲಿಸಿದ್ರು. ಹುಣಸಿ ರಸ, ಬೆಲ್ಲ, ಹುರಿದ ಜೀರಗಿ, ಒಂದು ಪೆಗ್ ರಮ್. ಮ್ಯಾಲೆ ಹಸಿಮೆಣಸಿನಕಾಯಿ ಕರ್ರಗ ಸುಟ್ಟು, ಸೀಳಿ ಬಿಡಬೇಕ್ರಿ. ಅದೊಂದು ತಪ್ಪಿದ್ರ ಲೋಟ ವಾಪಸ್ ಕಳಿಸ್ತಿದ್ರು."

ಮರುದಿನ ಒಲೆಯ ಮೇಲೆ ಮೆಣಸಿನಕಾಯಿ ಸುಟ್ಟೆ, ಮನೆಮಂದಿಯೆಲ್ಲ ಕೆಮ್ಮಿದರು. ಗಾಜಿನ ಲೋಟ ಬ್ಯಾಡ ಎಂದು ಅತ್ತೆ ಅದನ್ನು ತಮ್ಮ ಹಿತ್ತಾಳೆ ಚಂಬಿಗೆ ಸುರಿಸಿಕೊಂಡರು. ಔಷಧಿ ಕುಡಿಯುವವರಂತೆ ಕಣ್ಣು ಮುಚ್ಚಿ ಒಂದು ಗುಟುಕು ಕುಡಿದರು. ಕಣ್ಣು ತೆರೆದವರು ಮಾವನ ಫೋಟೋವನ್ನೇ ನೋಡುತ್ತಾ ಉಳಿದರು.

"ಇದು ನನ್ನ ಪಾನಕ," ಅಂದರು.

ಸಂಡೂರಿನ ಕಡೆಯ ವಡ್ಡು ಎಂಬ ಹಳ್ಳಿ ಅತ್ತೆಯ ತವರು. ಮದುವೆಯಾಗಿ ಬಂದ ಹೊಸದರಲ್ಲಿ, ತಮ್ಮ ಅವ್ವ ಕಲಿಸಿದಂತೆ ಸುಟ್ಟ ಮೆಣಸಿನಕಾಯಿ ಹಾಕಿ ಹುಣಸೆ ಪಾನಕ ಮಾಡಿ ಮನೆಗೆ ಬಂದ ನೆಂಟರಿಗೆಲ್ಲ ಕೊಟ್ಟರಂತೆ. ಮಾವ ತುಂಬಿದ ಪಡಸಾಲೆಯಲ್ಲಿ, "ವಡ್ಡಿನ ಮಂದಿ ಸಾರಿಗೆ ಬೆಲ್ಲ ಹಾಕಿ ಪಾನಕ ಅಂತಾರ" ಎಂದು ಎಲ್ಲರನ್ನೂ ನಗಿಸಿದರಂತೆ. ಅಂದಿನಿಂದ ಅತ್ತೆ ಈ ಮನೆಯಲ್ಲಿ ಅದನ್ನು ಮಾಡಲಿಲ್ಲ. ನಾನು ಬಂದ ಮೇಲೂ ಅದರ ಹೆಸರು ಕೇಳಿರಲಿಲ್ಲ.

"ಬಾಯಿಬಿಟ್ಟು ಕೇಳಿದ್ರ ಮಾಡಿಕೊಡ್ತಿದ್ದಿಲ್ಲೇನ್ರಿ?" ಎಂದು ಫೋಟೋಗೆ ಕೇಳುವಾಗ ಅತ್ತೆಯ ಕಣ್ಣು ತುಂಬಿತ್ತು. ಇನ್ನೊಂದು ಗುಟುಕು ಇಳಿಯಿತು. ಸೆರಗಿನಿಂದ ಬಾಯಿ ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಇಲ್ಲ ಬಿಡವಾ, ಕೊಡ್ತಿದ್ದಿಲ್ಲ."

ಇಬ್ಬರೂ ನಕ್ಕೆವು. ಸೋಲಲೊಲ್ಲದ ಈ ಗಂಡ ಹೆಂಡಿರಿಬ್ಬರ ಮೇಲೂ ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಅಕ್ಕರೆ ಬಂತು. ಬಾಗಿಲು ಕಾಯುತ್ತಿದ್ದ ನನ್ನ ಗಂಡನಿಗೆ ಏನು ಅರ್ಥವಾಯಿತೋ, ಅಂದಿನಿಂದ ಸೀದುಹೋದ ರೊಟ್ಟಿಯನ್ನೂ ಹೊಗಳುತ್ತಾರೆ. ನಾನು ನಂಬುವುದಿಲ್ಲ, ಆದರೆ ಬೇಡ ಅನ್ನುವುದೂ ಇಲ್ಲ.

ಇವತ್ತು ಮತ್ತೆ ಮಾವನ ಎಡೆ. ಈ ಸಲ ಅತ್ತೆ ನನ್ನನ್ನು ಒಲೆಯ ಹತ್ತಿರಕ್ಕೂ ಬಿಡಲಿಲ್ಲ. ಹುಣಸೆ ಕಿವುಚಿ, ಮೆಣಸಿನಕಾಯಿ ಸುಟ್ಟು, ಪಾನಕ ತಾವೇ ಮಾಡಿ ಅದೇ ಚಂಬಿನಲ್ಲಿ ಫೋಟೋದ ಮುಂದೆ ತಂದಿಟ್ಟರು. ನಾನು ಬಾಟಲಿ ತಂದು, "ಅತ್ತೆಮ್ಮಾ, ಮಾವಗ ಎಷ್ಟು ಹಾಕ್ಲಿ?" ಎಂದು ಕೇಳಿದೆ.

ಅತ್ತೆ ಚಂಬಿನ ಬಾಯಿಗೆ ಅಂಗೈ ಅಡ್ಡ ಹಿಡಿದರು.

"ಅವ್ರಿಗೆ ಬ್ಯಾಡ. ಬರೇ ಪಾನಕ ಕುಡದು ಭಾಳ ಛಲೋ ಆಗೇತಿ ಅನ್ಲಿ. ಅದನ್ನ ನಮ್ಮಿಬ್ಬರ ಲೋಟಕ್ಕ ಹಾಕು."