ದಾಟಿಸಿ ವಾಪಸ್ ಬರುವ ಪ್ರೋಟೀನು

ತಾಂಡ್ಯದ ಯೀಸ್ಟ್ ಕಾರ್ಖಾನೆ ನೋಡಿ ಮುಗಿಸಿದ್ದೆವು. ಗೇಟಿನ ಕಾವಲುಗಾರ ನನ್ನ ವಿದ್ಯಾರ್ಥಿನಿಯರ ಚೀಟಿಗಳಲ್ಲಿ ಸಹಿ ನೋಡಿ ಒಬ್ಬೊಬ್ಬರನ್ನೇ ಹೊರಗೆ ಬಿಡುತ್ತಿದ್ದ. ಅಲ್ಲೇ ಪಾಠ ಶುರುಮಾಡಿದೆ.

"ಯೀಸ್ಟಿನ ಕೋಶಕೇಂದ್ರದ ಬಾಗಿಲಲ್ಲೂ ಹೀಗೇ ಕಣ್ರೇ. ಸಂದೇಶ ಹೊತ್ತ ಆರ್‌ಎನ್‌ಎ ಪೂರ್ತಿ ಸಿದ್ಧವಾಗಿರಬೇಕು, ಜೊತೆಗೊಂದು ಪ್ರೋಟೀನು ಇರಬೇಕು. ಆಮೇಲೇ ಹೊರಗೆ."

"ಆ ಜೊತೆಗಾರ ಒರಗೇ ಉಳ್ಕತಾನಾ ಮೇಡಂ?" ಕಾವಲುಗಾರ ಕೇಳಿದ.

"ಇಲ್ಲಪ್ಪ. ದಾಟಿಸಿ ವಾಪಸ್ ಒಳಗೆ ಬರುತ್ತೆ, ಇನ್ನೊಂದನ್ನು ಕರೆದುಕೊಂಡು ಹೋಗೋಕೆ."

"ಪಾಪ!" ಅಂದ.

ಇದೇ ವಿಷಯದ ಸಂಶೋಧನೆಗೆ ನನಗೊಮ್ಮೆ ಸೀಟು ಸಿಕ್ಕಿತ್ತು. ನಾನು ಪಾಠ ಮಾಡುವ ನರಸೀಪುರದ ಕಾಲೇಜಿನವರು ರಜೆ ಕೊಡಲಿಲ್ಲ. ನಾನೂ ಎರಡನೇ ಸಲ ಕೇಳಲಿಲ್ಲ. ಬಿಚ್ಚಿ ಬಿಚ್ಚಿ ಮಡಿಕೆ ಹರಿದ ಆ ಸೀಟಿನ ಕಾಗದ ಅವತ್ತೂ ಬ್ಯಾಗಿನಲ್ಲಿತ್ತು.

ಅವನು ಪಾಪ ಅಂದದ್ದು ಪ್ರೋಟೀನಿಗೇ ಎಂದು ಇವತ್ತಿಗೂ ನಂಬಿದ್ದೇನೆ.