ಮಾಳಿಗೆ ಹೊತ್ತುಕೊಂಡು ಬೀಗರ ಮನೆಗೆ

ನನ್ನ ಸೋದರಮಾವ ವಿರುಪಾಕ್ಷಪ್ಪ ಕೆಟ್ಟ ಮನುಷ್ಯನಲ್ಲ. ಕೆಟ್ಟವನಾಗಿದ್ದರೆ ಒಮ್ಮೆ ಜಗಳಾಡಿ ದೂರ ಇದ್ದುಬಿಡಬಹುದಿತ್ತು. ಬೇಡಕಿಹಾಳದಲ್ಲಿ ಹನ್ನೆರಡು ಎಕರೆ ಕಬ್ಬು, ಅದನ್ನು ಫ್ಯಾಕ್ಟರಿಗೆ ಸಾಗಿಸಲು ಸ್ವಂತದ್ದೊಂದು ಹಳೆಯ ಲಾರಿ, ತಲೆಯ ಮೇಲೆ ದೊಡ್ಡ ರುಮಾಲು, ಬೇಡಿದವರಿಗೆ ಇಲ್ಲ ಅನ್ನದ ಕೈ. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನು. ಮೊಲವನ್ನೇ ತಂದು ಎದುರಿಗೆ ನಿಲ್ಲಿಸಿ ಎಣಿಸಿ ತೋರಿಸಿದರೂ, ನಾಲ್ಕನೆಯದು ಬಾಲ ಅನ್ನುತ್ತಿದ್ದ.

1984ರ ಬೇಸಿಗೆಯಲ್ಲಿ ಅವನ ಒಬ್ಬಳೇ ಮಗಳು ಅಕ್ಕುತಾಯಿಯ ಮದುವೆ ಕಾಗವಾಡದ ದ್ರಾಕ್ಷಿ ಬೆಳೆಗಾರ ರಾವಸಾಹೇಬರ ಮಗನ ಜೊತೆ ಆಯಿತು. ಬೀಗರು ಬೀಗರನ್ನು ಕಾಡಿಸುವುದು ನಮ್ಮ ಕಡೆ ಎಲೆಗೆ ಉಪ್ಪು ಬಡಿಸಿದಷ್ಟೇ ಸಹಜ. ಊಟದ ಪಂಕ್ತಿಯಲ್ಲಿ ರಾವಸಾಹೇಬರು ನಗುತ್ತ, “ಬೀಗರ, ನಿಮ್ಮ ಮಣ್ಣಿನ ಮಾಳಗಿ ಮಳಿಗಾಲದಾಗ ಸೋರತೈತಂತಲ್ರಿ? ನಮ್ಮನಿಗೆ ಬಂದ ಮಲಗರಿ, ಆರ್‌ಸಿಸಿ ಐತಿ,” ಅಂದರು. ನಾಲ್ಕು ನೂರು ಜನ ನಕ್ಕರು. ಮಾವನೂ ನಕ್ಕು, ತಿರುಗಿ ಒಂದು ಮಾತು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ಎಲೆಯ ಮುಂದಿನಿಂದ ಎದ್ದು ನಿಂತ.

“ಸೋರಲಿ, ಅದು ನನ್ನ ಮಾಳಗಿ! ನಿಮ್ಮ ಸೂರಿನ ಕೆಳಗ ನಾ ಒಂದಿನಾನೂ ಮಲಗಾಂವಲ್ಲ. ಬಂದ್ರ ನನ್ನ ಮಾಳಗಿ ಹೊತ್ಕೊಂಡ ಬರ್ತೇನಿ!”

ಮುಂದೆ ಒಂಬತ್ತು ವರ್ಷ ಅವನು ಕಾಗವಾಡಕ್ಕೆ ಹೋಗಲಿಲ್ಲ. ಅಕ್ಕುತಾಯಿ ಪಂಚಮಿಗೆ ಬರುತ್ತಿದ್ದಳು, ಎರಡು ಬಾಣಂತನಕ್ಕೂ ಬಂದು ಹೋದಳು. ಆದರೆ ಮಾವನ ಹೆಂಡತಿ ಶಿವಗಂಗವ್ವ ಅತ್ತೆ ಮಾತ್ರ ಮಗಳ ಮನೆಯನ್ನೇ ನೋಡಲಿಲ್ಲ. “ನೀ ಹೋಗು, ನಾ ಎಲ್ಲಿ ಬ್ಯಾಡ ಅಂದೇನಿ?” ಎಂದು ಮಾವ ಹೇಳುತ್ತಲೇ ಇದ್ದ, ಅದನ್ನು ದೊಡ್ಡಸ್ತಿಕೆ ಎಂದೂ ತಿಳಿದಿದ್ದ. ಗಂಡ ಕಾಲಿಡದ ಬೀಗರ ಮನೆಗೆ ಒಬ್ಬಳೇ ಹೋಗಿ ಯಾವ ಮುಖ ಹೊತ್ತುಕೊಂಡು ಕೂರಬೇಕು ಆಕೆ?

“ತಮ್ಮಾ, ಅಕ್ಕು ಒಲೀ ಯಾವ ದಿಕ್ಕಿಗೆ ಹೂಡ್ಯಾಳ ಅನ್ನೂದೂ ನನಗ ಗೊತ್ತಿಲ್ಲ,” ಎಂದು ಅತ್ತೆ ಒಂದು ದಿನ ನನ್ನ ಮುಂದೆ ಕಣ್ಣೊರೆಸಿಕೊಂಡಳು. “ನಾಕ ದಿನಾ ಆಕಿ ಮನ್ಯಾಗ ಇದ್ದು, ಆಕಿ ಬಡದ ರೊಟ್ಟಿ ಉಂಡ ಬರಬೇಕಂತ ಭಾಳ ಆಸೆ ಐತಿ.”

ನಾನು ಚಿಕ್ಕೋಡಿಯಲ್ಲಿ ಶಾಲಾ ಮಾಸ್ತರ. ದಡ್ಡರಿಗೆ ಬುದ್ಧಿ ಹೇಳುವುದೇ ನನ್ನ ಹೊಟ್ಟೆಪಾಡು. ಮಾವನಿಗೂ ಹೇಳಿ ನೋಡಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

1993ರ ಕಬ್ಬಿನ ಹಂಗಾಮಿನಲ್ಲಿ, ಫ್ಯಾಕ್ಟರಿಯ ಸಾಲಿನಲ್ಲಿ ನಿಂತ ಮಾವ, ಕಬ್ಬು ಕಡಿಯುವವರ ಒಂದು ಲಾರಿಯನ್ನು ಕಂಡ. ಗುಡಿಸಲು, ಗಡಿಗೆ, ಮೇಕೆ ಎಲ್ಲವನ್ನೂ ಹೇರಿಕೊಂಡು ಅವರು ಊರಿಗೆ ಹೊರಟಿದ್ದರು. ಡ್ರೈವರನ ಕ್ಯಾಬಿನ್ ಮೇಲೆ ಚಾಪೆ ಹಾಸಿ ಒಬ್ಬ ಮುದುಕ ಹಾಯಾಗಿ ಮಲಗಿದ್ದ. ಮಾವ ಅವನನ್ನು ಬಹಳ ಹೊತ್ತು ನೋಡಿದನಂತೆ. ಮನೆಗೆ ಬಂದವನೇ, “ಕಾಗವಾಡಕ್ಕ ಹೋಗೂ ದಾರಿ ಸಿಕ್ತು. ಲಾರಿ ಮ್ಯಾಲ ಮನೀ ಕಟ್ಟಸ್ತೇನಿ,” ಅಂದ.

ಲಾರಿಗೆ ಬಾಡಿ ಕಟ್ಟುವುದರಲ್ಲಿ ನಿಪ್ಪಾಣಿಯ ಬಡಿಗೇರ ಜ್ಞಾನದೇವ ಗಟ್ಟಿ ಕೈ. ಅವನು ಹಿಂದೆ ಒಂದು ಕೋಣೆ ಎಬ್ಬಿಸಿ, ಅದರ ಅಟ್ಟವನ್ನು ಕ್ಯಾಬಿನ್ ಮೇಲೆ ಮುಂದಕ್ಕೆ ಚಾಚಿದ. ಮಾವನ ಹಾಸಿಗೆ ಅಲ್ಲಿ.

“ಅಹೋ ಸಾವಕಾರ, ಐಕಾ, ಕೇಳ್ರಿ,” ಅಂದ ಜ್ಞಾನದೇವ. “ಗಾಡಿ ಓಡೂ ಮುಂದ ಕ್ಯಾಬಿನ್ ಒಂದ ಕಡೆ ಹೊಯ್ದಾಡತೈತಿ, ಮನೀ ಒಂದ ಕಡೆ. ನಡುವ ಆರ ಬಟ್ಟ ಸಂದಿ ಬಿಡಬೇಕರಿ,” ಎಂದು ಆರು ಬೆರಳು ಜೋಡಿಸಿ ತೋರಿಸಿದ.

“ಮನೀಗಿ ಸಂದಿ ಬಿಡತಾರೇನೋ? ಹಾವು ಚೇಳು ಹೊಕ್ಕಾವು. ಎರಡ ಬಟ್ಟ ಸಾಕು.”

ಕೋಣೆಗೆ ಬಾಗಿಲು ಬಂತು, ಹೊಸ್ತಿಲು ಬಂತು. ಅತ್ತೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದಳು. ತಗಡಿನ ಮಾಡು ಹೊದಿಸಿದ ಮೇಲೆ ಮಾವ ಬೇಡಕಿಹಾಳದ ಮನೆಯ ಮಾಳಿಗೆ ಕೆದರಿ, ಬುಟ್ಟಿಗಟ್ಟಲೆ ಮಣ್ಣು ತಂದು, ತಗಡಿನ ಮೇಲೆ ನಾಲ್ಕು ಬೆರಳು ದಪ್ಪ ಮೆತ್ತಿಸಿದ. ಮಣ್ಣಿಲ್ಲದಿದ್ದರೆ ಅದು ತನ್ನ ಮಾಳಿಗೆ ಹೇಗಾಗುತ್ತದೆ ಎಂದು ನನ್ನನ್ನೇ ಕೇಳಿದ. ಮೂಗಿಗಿಂತ ಮೂಗುತಿ ಭಾರ ಅಂದೆ. ಯಾರು ಕೇಳಬೇಕು?

ಪರೀಕ್ಷೆಗೆಂದು ಚಿಕ್ಕೋಡಿಯ ತನಕ ಓಡಿಸಿದೆವು. ಡ್ರೈವರ್ ಮಲಕಾರಿ ಕುರಿ ಕಾಯುವ ಮನೆಯವನು, ಸಿಡಿಲಿಗೂ ಹೆದರದವನು. ಮೊದಲನೆಯ ತಗ್ಗಿಗೇ ಅಟ್ಟ ಕ್ಯಾಬಿನ್ನಿಗೆ ಢಮ್ ಎಂದು ಬಡಿಯಿತು. ಅವನು ಬ್ರೇಕ್ ಒತ್ತಿ, “ಮನೀ ಬಿತ್ತೋ!” ಎಂದು ಕೂಗುತ್ತ ಜೋಳದ ಹೊಲದಲ್ಲಿ ಓಡಿಹೋದ. ಅವನನ್ನು ಹುಡುಕಿ ತರಲು ಅರ್ಧ ತಾಸು ಹಿಡಿಯಿತು.

“ಹಂಗಾರ ಹನ್ನೆರಡ ಬಟ್ಟ ಎತ್ತು,” ಅಂದ ಮಾವ, ಲಾರಿಯನ್ನು ಮತ್ತೆ ನಿಪ್ಪಾಣಿಗೆ ಒಯ್ದು.

“ಆರ ಸಾಕ್ರಿ!” ಎಂದು ಜ್ಞಾನದೇವ ಕೈಮುಗಿದ. ಮಾವನಿಗೆ ಆರು ಎಂಬುದೇ ಕಾಣಲಿಲ್ಲ. ಇಡೀ ಮನೆಯನ್ನು ಜಾಕ್ ಕೊಟ್ಟು ಎತ್ತಿ ಅಡಿಗೆ ತೊಲೆ ತುರುಕಿದರು.

ರಾವಸಾಹೇಬರು ಆಗಷ್ಟೇ ತಮ್ಮ ವಾಡೆಯ ಅಂಗಳಕ್ಕೆ ಹೊಸ ಕಮಾನು ಕಟ್ಟಿಸಿದ್ದರು. ಎತ್ತರ ಎಷ್ಟು ಎಂದು ನಾನೇ ಅಕ್ಕುತಾಯಿಗೆ ಪತ್ರ ಬರೆದು ಕೇಳಿದೆ. ಹೇರಿದ ಕಬ್ಬಿನ ಬಂಡಿ ಆರಾಮ ಹಾಯುತ್ತದೆ ಎಂದು ಉತ್ತರ ಬಂತು. ಮಾವ ತಕ್ಷಣ ಬಂಡಿಯೊಂದಕ್ಕೆ ಕಬ್ಬು ಹೇರಿಸಿ ಲಾರಿಯ ಪಕ್ಕ ನಿಲ್ಲಿಸಿ ನೋಡಿದ. ಲಾರಿಯೇ ಒಂದಿಷ್ಟು ಗಿಡ್ಡವಿತ್ತು. ಆದರೆ ಬೇಡಕಿಹಾಳದವರು ಬಂಡಿಗೆ ಕಬ್ಬು ಹೇರಿದರೆ ಗೋಪುರ ಕಟ್ಟಿದ ಹಾಗೆ. ಕಾಗವಾಡದಲ್ಲಿ ಹಾಗೆ ಹೇರುವುದಿಲ್ಲ ಎಂಬುದು ನಮಗ್ಯಾರಿಗೂ ಹೊಳೆಯಲಿಲ್ಲ. ಮಾಸ್ತರನಾದ ನನಗೂ ಹೊಳೆಯಲಿಲ್ಲ, ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಹೊರಟೆವು. ಮಾವ ಅಟ್ಟದಲ್ಲಿ ಮದುಮಗನ ಹಾಗೆ ಒರಗಿದ್ದ, ಅತ್ತೆ ಕೆಳಗಿನ ಕೋಣೆಯಲ್ಲಿ ಉಂಡಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಂಕಲಿ ದಾಟಿ ಕೃಷ್ಣೆಯ ಸೇತುವೆಯ ಮೇಲೆ ಬಂದಾಗ ಬಟ್ಟೆ ಒಗೆಯುತ್ತಿದ್ದವರು ಒಗೆಯುವುದನ್ನು ಬಿಟ್ಟು ನಮ್ಮನ್ನೇ ನೋಡಿದರು. ಮಧ್ಯಾಹ್ನ ಕಾಗವಾಡ ಮುಟ್ಟಿದೆವು. ಕ್ಯಾಬಿನ್ ಕಮಾನಿನೊಳಗೆ ಸಲೀಸಾಗಿ ಹೊಕ್ಕಿತು. ಅಟ್ಟ ಹೊಗಲಿಲ್ಲ. ಕಮಾನಿನ ಮೇಲೆ ‘ಸುಸ್ವಾಗತ’ ಎಂದು ಬರೆದಿದ್ದರು. ಅಟ್ಟದ ಕಿಟಕಿಯಿಂದ ತಲೆ ಹೊರಚಾಚಿದ ಮಾವನ ಮೂಗು ಆ ಅಕ್ಷರಗಳಿಗೆ ತಾಗುವಷ್ಟು ಹತ್ತಿರ ಬಂದು ನಿಂತಿತು.

ನಾಲ್ಕು ಬೆರಳು ಹೆಚ್ಚಾಗಿತ್ತು.

“ಮ್ಯಾಲಿನ ಮಣ್ಣ ತಗದ್ರ ಆತು,” ಅಂದ ಮಲಕಾರಿ.

“ಮಣ್ಣ ತಗದ್ರ ಅದು ನನ್ನ ಮಾಳಗಿ ಹೆಂಗ ಆಕ್ಕೈತಿ?” ಮೇಲಿನಿಂದ ಮಾವನ ದನಿ ಬಂತು.

ಹೊರಗೆ ಓಣಿಯಲ್ಲೇ ನಿಲ್ಲಿಸೋಣ ಅಂದೆ. ಬೀದಿಯಲ್ಲಿ ಮಲಗಲು ತಾನೇನು ಭಿಕ್ಷುಕನೇ ಎಂದು ಮಾವ ಕೂಗಿದ. ಅಷ್ಟರಲ್ಲಿ ರಾವಸಾಹೇಬರು ಹೊರಬಂದರು. ಕಮಾನಿನ ಒಂದು ಕಲ್ಲೂ ಅಲುಗಬಾರದು, ಅದರ ಮೇಲೆ ತಮ್ಮ ತಂದೆಯ ಹೆಸರಿದೆ ಎಂದರು. ಹಾಗಂತ ಬೀಗರನ್ನು ಹೊರಗೆ ನಿಲ್ಲಿಸಿದ ಎಂಬ ಅಪವಾದವೂ ತಮಗೆ ಬೇಡವಂತೆ. ಇಬ್ಬರಿಗೂ ಲಾರಿ ಒಳಗೆ ಬರಬೇಕು, ಇಬ್ಬರೂ ನಾಲ್ಕು ಬೆರಳು ಬಿಡಲು ತಯಾರಿಲ್ಲ. ಟೈರಿನ ಗಾಳಿ ತೆಗೆಯೋಣ ಎಂದು ಯಾರೋ ಅಂದರೆ, ಈ ಸವೆದ ಟೈರುಗಳಿಗೆ ಗಾಳಿಯೇ ಆಧಾರ, ಅದನ್ನೂ ತೆಗೆದರೆ ಹರಿದೇ ಹೋಗುತ್ತವೆ ಎಂದು ಮಲಕಾರಿ ಅಡ್ಡ ನಿಂತ. ಕೊನೆಗೆ ದಾರಿ ತೋರಿಸಿದವನೂ ಅವನೇ.

“ಕಬ್ಬ ಹೇರಿದ್ರ ಈ ಗಾಡಿ ಒಂದ ಗೇಣ ಕುಂದರ್ತೈತ್ರಿ. ಮಂದಿ ಹತ್ತಸ್ರಿ.”

ದ್ರಾಕ್ಷಿ ತೋಟದ ಆಳುಗಳು ಬಂದರು, ರಾವಸಾಹೇಬರ ಅಣ್ಣತಮ್ಮಂದಿರು ಬಂದರು. ಮೂವತ್ತು ಜನ ಹೊಸ್ತಿಲಿಗೆ ನಮಸ್ಕಾರ ಮಾಡಿ ಹಿಂದಿನ ಕೋಣೆಗೆ ಹತ್ತಿದರು. ಲಾರಿಯ ಹಿಂಬದಿ ಕುಗ್ಗಿತು, ಮುಂಬದಿ ಮೇಲೆದ್ದಿತು, ಅಟ್ಟ ಕಮಾನಿಗೆ ಒತ್ತಿ ‘ಸು’ ಅಕ್ಷರದ ಸಿಮೆಂಟು ಉದುರಿತು. ರಾವಸಾಹೇಬರು ಅಯ್ಯಯ್ಯೋ ಎಂದು ಎದೆ ಬಡಿದುಕೊಂಡರು.

“ಭಾರ ಮುಂದ ಬೇಕ್ರಿ, ಮುಂದ!” ಎಂದು ಮಲಕಾರಿ ಚೀರಿದ.

ಜನ ಇಳಿದು ಬಂಪರಿನ ಮೇಲೆ, ಬಾನೆಟ್ಟಿನ ಮೇಲೆ ಜೋತುಬಿದ್ದರು. ಆದರೂ ಒಂದು ಬೆರಳು ಉಳಿಯಿತು. ಅಟ್ಟದಲ್ಲಿ ಇನ್ನೊಬ್ಬ ದಪ್ಪ ಮನುಷ್ಯನಿಗೆ ಜಾಗವಿತ್ತು. ಅಲ್ಲಿದ್ದವರಲ್ಲಿ ಎಲ್ಲರಿಗಿಂತ ದಪ್ಪ ಯಾರು ಎಂಬುದು ಎಲ್ಲರಿಗೂ ಗೊತ್ತಿತ್ತು, ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ರಾವಸಾಹೇಬರು ಒಮ್ಮೆ ಕಮಾನಿನ ಮೇಲಿನ ತಂದೆಯ ಹೆಸರು ನೋಡಿದರು, ಒಮ್ಮೆ ಉದುರಿದ ಸಿಮೆಂಟು ನೋಡಿದರು, ಧೋತರದ ಕಚ್ಚೆ ಬಿಗಿದು ಹತ್ತಿಯೇಬಿಟ್ಟರು.

ಇಬ್ಬರು ಬೀಗರಿಗೂ ಅವರ ಎರಡು ರುಮಾಲಿಗೂ ಒಟ್ಟಿಗೆ ಅಲ್ಲಿ ಜಾಗವಿರಲಿಲ್ಲ. ರುಮಾಲು ತೆಗೆದು ಕಾಲ ಬಳಿ ಇಟ್ಟು, ಇಬ್ಬರೂ ಬರಿತಲೆಯಲ್ಲಿ ಒಬ್ಬರಿಗೊಬ್ಬರು ಅಂಟಿ ಅಂಗಾತ ಮಲಗಿದರು. ಅಟ್ಟದ ಹಲಗೆ ಜಗ್ಗಿ, ಹನ್ನೆರಡು ಬೆರಳಿನ ಸಂದಿ ಮೂರಕ್ಕೆ ಇಳಿಯಿತು. ಎರಡೇ ಬಿಟ್ಟಿದ್ದರೆ ಅವತ್ತು ಮಲಕಾರಿಯ ತಲೆ ಉಳಿಯುತ್ತಿರಲಿಲ್ಲ. ಲಾರಿ ಇರುವೆಯ ನಡಿಗೆಯಲ್ಲಿ ಹೊರಟಿತು.

“ಬೀಗರ,” ರಾವಸಾಹೇಬರ ದನಿ ಕೇಳಿಸಿತು, “ಇದಾದರ ಸೋರೂದಿಲ್ಲಲ್ಲ?”

“ಸುಮ್ನ ಉಸರ ಬಿಗಿಹಿಡೀರಿ, ಹೊಟ್ಟಿ ತಾಗತೈತಿ,” ಅಂದ ಮಾವ.

ಲಾರಿ ಒಳಗೆ ಬಂತು. ಊರಿಗೆ ಊರೇ ಕೇಕೆ ಹಾಕಿತು. ಆಮೇಲೆ ನೋಡಿದರೆ ಕೋಣೆಯಲ್ಲಿ ಅತ್ತೆ ಇರಲಿಲ್ಲ. ಜನ ಹತ್ತುವ ಗದ್ದಲದಲ್ಲಿ ಆಕೆ ಉಂಡಿ ಡಬ್ಬಿ ಸಮೇತ ಇಳಿದು, ಕಮಾನಿನ ಕೆಳಗೆ ನಡೆದುಕೊಂಡೇ ಒಳಗೆ ಹೋಗಿಬಿಟ್ಟಿದ್ದಳು. ಅಡಿಗೆಮನೆಯಲ್ಲಿ ತಾಯಿ ಮಗಳು ಒಬ್ಬರನ್ನೊಬ್ಬರು ಹಿಡಿದುಕೊಂಡು ಅಳುತ್ತಿದ್ದರು. ಒಲೆ ಪೂರ್ವಕ್ಕಿತ್ತು.

ಮಾವ ಅವತ್ತು ಅಂಗಳದಲ್ಲಿ, ತನ್ನ ಅಟ್ಟದಲ್ಲಿ, ತನ್ನ ಮಾಳಿಗೆಯ ಕೆಳಗೆ ಮಲಗಿದ. ಮಾತು ಉಳಿಯಿತು. ಮರುದಿನ ಮುಂಜಾನೆ, “ನಡೀರಿ, ಹೊಂಡೂಣು,” ಅಂದ. ಖಾಲಿಯಾದ ಲಾರಿ ಮತ್ತೆ ನಾಲ್ಕು ಬೆರಳು ಎದ್ದು ನಿಂತಿತ್ತು. ಮಲಕಾರಿ ಆಳುಗಳನ್ನು ಕರೆದ. ಒಬ್ಬರೂ ಬರಲಿಲ್ಲ. ಹಿಂದಿನ ಸಂಜೆ ಅತ್ತೆ ಎಲ್ಲರಿಗೂ ಉಂಡಿ ಹಂಚಿ, “ನಾ ಹೇಳೂ ತನಕ ಯಾರೂ ಹತ್ತಬ್ಯಾಡ್ರೆಪಾ,” ಎಂದು ಕೈಮುಗಿದು ಕೇಳಿಕೊಂಡಿದ್ದಳಂತೆ. ರಾವಸಾಹೇಬರನ್ನು ಕೇಳಿದರೆ, ಸೊಂಟ ಹಿಡಿದಿದೆ ಎಂದು ಒಳಗೆ ಹೋದರು.

ಮಾವ ಎರಡು ದಿನ ಕೂಗಾಡಿದ. ಮೂರನೆಯ ದಿನ ಮೊಮ್ಮಕ್ಕಳು ಅಟ್ಟ ಹತ್ತಿ ಅವನ ಹೊಟ್ಟೆಯ ಮೇಲೆ ಕೂತವು, ಕೂಗು ನಿಂತಿತು. ನಾಲ್ಕನೆಯ ದಿನ ಬೀಗರಿಬ್ಬರೂ ಲಾರಿಯ ಹೊಸ್ತಿಲ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡರು.

ಐದನೆಯ ದಿನ ಮುಂಜಾನೆ ಮಾವ ಅಡಿಗೆಮನೆಯ ಕಿಟಕಿಯ ಹೊರಗೆ ಬಂದು ನಿಂತು ಕೆಮ್ಮಿದ. ನಾನು ಅಲ್ಲೇ ಬಾವಿಕಟ್ಟೆಯ ಮೇಲೆ ಹಲ್ಲುಜ್ಜುತ್ತಿದ್ದೆ. ಒಳಗೆ ಅಕ್ಕುತಾಯಿ ರೊಟ್ಟಿ ಬಡಿಯುತ್ತಿದ್ದಳು, ಅತ್ತೆ ಪಕ್ಕದಲ್ಲಿ ಮಣೆ ಹಾಕಿಕೊಂಡು ಬಿಸಿ ರೊಟ್ಟಿ ಮುರಿಯುತ್ತಿದ್ದಳು.

“ಏನು, ಊರಿಗೆ ಯಾವಾಗ ಹೋಗೂಣು ಅಂತಿ?” ಅಂದ ಮಾವ.

ಅವನು ಅತ್ತೆಗೆ ಹೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಅತ್ತೆಯನ್ನು ಕೇಳಿದ್ದನ್ನು ಅವತ್ತೇ ಮೊದಲು ಕೇಳಿದ್ದು. ಅತ್ತೆಯ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. ಸೆರಗಿನಿಂದ ಕಣ್ಣು ಒತ್ತಿಕೊಂಡು ಅಂದಳು:

“ಒಂಬತ್ತ ವರ್ಷದ ಹಿಂದ ಹಿಂಗ ಒಂದ ಮಾತ ಕೇಳಿದ್ರ, ಬಸ್ಸಿನ್ಯಾಗ ಬಂದ ಹೋಗತಿದ್ದಿವಲ್ರಿ.”