ತೆಂಗು ಸತ್ತ ಜಾಗದ ಬಳ್ಳಿ

ತೋಟದಲ್ಲಿ ಒಂದು ತೆಂಗಿನ ಮರ ಸತ್ತರೆ ನಮ್ಮ ಕಡೆಯವರಿಗೆ ಮುಂದಿನ ಹಲ್ಲು ಉದುರಿದ ಹಾಗೆ. ಆ ಸಂದು ತುಂಬುವ ತನಕ ನೆಮ್ಮದಿಯಿಲ್ಲ. ಹಂದನಕೆರೆ ಹತ್ತಿರದ ನಮ್ಮ ತೋಟದಲ್ಲಿ ನೀರಿನ ತೊಟ್ಟಿಯ ಪಕ್ಕದ ಮರ ಕಾಂಡ ಸೋರುವ ರೋಗಕ್ಕೆ ಹೋದಾಗ ನನ್ನ ಗಂಡ ಬುಡ ಕೀಳಿಸಿ, ಗುಂಡಿಗೆ ತಿಪ್ಪೆಗೊಬ್ಬರ ತುಂಬಿಸಿ, ಹಿಂಗಾರು ಮಳೆ ಬಿದ್ದ ಮೇಲೆ ಅಲ್ಲಿ ಸಸಿ ನೆಡುವುದೆಂದು ತೀರ್ಮಾನ ಮಾಡಿದರು. ನನ್ನನ್ನು ಕೇಳಲಿಲ್ಲ. ಕೇಳುವ ಪದ್ಧತಿಯೇ ನಮ್ಮ ಮನೆಯಲ್ಲಿಲ್ಲ. ಮದುವೆಯಾಗಿ ಬಂದಾಗಿನಿಂದ ನಾನು ಸೋಗೆ ಎಳೆದಿದ್ದೇನೆ, ಮಟ್ಟೆ ಒಟ್ಟಿದ್ದೇನೆ, ಕೊಬ್ಬರಿ ಆರಿಸಿದ್ದೇನೆ. ಆದರೆ ಇದು ನನ್ನದು ಎಂದು ಹೇಳಿಕೊಳ್ಳಲು ಆ ತೋಟದಲ್ಲಿ ನನಗೆ ಒಂದು ಗಿಡ ಇರಲಿಲ್ಲ. ಕರಿಬೇವಿನ ಗಿಡ ಕೂಡ ಅತ್ತೆಯದು.

ಆಷಾಢದಲ್ಲಿ ಆ ಗುಂಡಿಯ ಗೊಬ್ಬರದಿಂದ ಒಂದು ಬಳ್ಳಿ ಎದ್ದಿತು. ಯಾರು ತಿಂದು ಬಿಸಾಡಿದ ಹಣ್ಣಿನ ಬೀಜವೋ, ಯಾವ ಹಕ್ಕಿ ತಂದದ್ದೋ ಗೊತ್ತಿಲ್ಲ. ಎಲೆ ನೋಡಿದರೆ ಕೆಕ್ಕರಿಕೆಯ ಹಾಗಿತ್ತು, ಮುಟ್ಟಿದರೆ ಕರಬೂಜದ ಹಾಗೆ ಒರಟು. ಹೀಚು ಕಚ್ಚಿದ ಮೇಲೆ ನೋಡುತ್ತೇನೆ, ಎರಡೂ ಅಲ್ಲ. ಕಡುಹಸಿರು ಮೈ, ಉದ್ದಕ್ಕೆ ಸುಕ್ಕು, ಮೇಲೆಲ್ಲ ಹಳದಿ ಚುಕ್ಕೆ. ಬೆಳೆಯುತ್ತಾ ಬೆಳೆಯುತ್ತಾ ಒಂದೊಂದೂ ಸುಲಿಯದ ತೆಂಗಿನಕಾಯಿಯ ಗಾತ್ರಕ್ಕೆ ಬಂತು. ಇಂಥದ್ದನ್ನು ನಾನು ತಿಪಟೂರಿನ ಸಂತೆಯಲ್ಲೂ ಕಂಡಿರಲಿಲ್ಲ.

ಈ ಬಳ್ಳಿ ನನಗೆ ಬೇಕು ಎಂದೆ. ಗಂಡ ತಲೆ ಕೆರೆದುಕೊಂಡು, ಮಗುವಿಗೆ ಪೆಪ್ಪರಮೆಂಟು ಕೊಡಿಸುವ ದನಿಯಲ್ಲಿ ಹೇಳಿದರು.

"ಹಿಂಗಾರಿನ ತಂಕ ಇರ್ಲಿ ಬುಡು. ಹಣ್ಣು ಚೆನ್ನಾಗಿ ಬಂದ್ರೆ ಆ ಜಾಗ ನೀನೇ ಇಟ್ಕೊ. ಇಲ್ಲಾಂದ್ರೆ ಸಸಿ ನೆಡ್ತೀನಿ ಕಣೇ, ಆಮೇಲೆ ಮುಖ ಊದಿಸ್ಬೇಡ."

ಇಡೀ ತೋಟದಲ್ಲಿ ಒಂದು ಮರದ ನೆರಳಿನಷ್ಟು ಜಾಗ. ಅದಕ್ಕೂ ಷರತ್ತು. ಒಪ್ಪಿಕೊಂಡೆ.

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ಬೆಳಿಗ್ಗೆ ಸಂಜೆ ತೊಟ್ಟಿಯಿಂದ ಬಿಂದಿಗೆಯಲ್ಲಿ ನೀರು ಹೊತ್ತೆ. ಒಂದೊಂದು ಕಾಯಿಯ ಕೆಳಗೂ ತೆಂಗಿನ ಮಟ್ಟೆ ಬೋರಲು ಹಾಕಿದೆ, ನೆಲದ ತೇವಕ್ಕೆ ಕೊಳೆಯದಿರಲಿ ಎಂದು. ನವಿಲಿನ ಕಾಟಕ್ಕೆ ಹಳೆಯ ಸೀರೆ ಹೊದಿಸಿದೆ. ದಾರಿಯಲ್ಲಿ ಹೋಗುವವರೆಲ್ಲ ಬೇಲಿ ಹತ್ತಿರ ನಿಂತು, ಅದೇನು ಸೀಮಂತವೇ ಎಂದು ಕೇಳಿ ನಕ್ಕು ಹೋದರು. ಕೇಳಿದ್ದು ಒಬ್ಬರಾಗಿದ್ದರೆ ನಾನೂ ನಗುತ್ತಿದ್ದೆ.

ಇದು ಏನು ಹಣ್ಣು ಎಂದು ತಿಳಿಯೋಣವೆಂದು ಫೋಟೋ ತೆಗೆದು ನಮ್ಮ ಸ್ತ್ರೀಶಕ್ತಿ ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದೆ. ಬಂದ ಉತ್ತರಗಳಲ್ಲಿ ಅರ್ಧ ಕೈಮುಗಿದ ಚಿತ್ರ, ಇನ್ನರ್ಧ ಶುಭೋದಯ. ಒಬ್ಬಳು ಮಾತ್ರ ಸೀರೆಯ ಅಂಚು ಚೆನ್ನಾಗಿದೆ, ಎಲ್ಲಿ ತಗೊಂಡೆ ಎಂದು ಕೇಳಿದ್ದಳು. ಚಿಕ್ಕನಾಯಕನಹಳ್ಳಿಗೆ ಹೋದಾಗ ಗೊಬ್ಬರದ ಅಂಗಡಿಯವರಿಗೆ ಎಲೆ ತೋರಿಸಿದೆ. ಅವರು ಎಲೆಯನ್ನು ನೋಡದೆ ನನ್ನನ್ನು ನೋಡಿ, ಎಂಥದ್ದಾದರೂ ಇದು ಹೊಡೀರಿ ಎಂದು ಒಂದು ಬಾಟಲಿ ಮುಂದಿಟ್ಟರು. ನಾನು ಕೇಳಿದ್ದು ಹೆಸರು, ಔಷಧಿಯಲ್ಲ. ಬರಿಗೈಲಿ ಬಸ್ಸು ಹತ್ತಿದೆ.

ಆವತ್ತು ಮನೆಗೆ ಬಂದು ತಟ್ಟೆಯ ಮುಂದೆ ಕೂತರೆ ಹುಳಿಯಲ್ಲಿ ದಪ್ಪ ದಪ್ಪ ಹೋಳು. ಒಂದು ಹೋಳನ್ನು ಎತ್ತಿ ಹಿಡಿದೆ.

"ಅತ್ತೆ, ಇದು ಯಾವ ಕಾಯಿ?"

"ನಿನ್ನ ಬಳ್ಳೀದೇ ಕಣೇ. ಸೌತೆಕಾಯಿ ಬಲಿತು ಹೋಗ್ತಿತ್ತು, ಕುಯ್ಕೊಂಡು ಬಂದೆ."

"ಅದು ಸೌತೆಕಾಯಿ ಅಲ್ಲ ಅತ್ತೆ. ಹಣ್ಣು."

"ಹಣ್ಣಾಗಿದ್ರೆ ಹುಳೀಲಿ ಇಷ್ಟು ಚೆನ್ನಾಗಿ ಬೇಯ್ತಿತ್ತಾ?"

ಗಂಡ ಇನ್ನೊಂದು ಸೌಟು ಹಾಕಿಸಿಕೊಂಡರು. ಉಪ್ಪು ಸರಿಯಾಗಿದೆ ಎಂದೂ ಹೇಳಿದರು.

ಇನ್ನೊಂದು ಕಾಯಿಯನ್ನು ಹೆಗ್ಗಣ ಬುಡದಿಂದ ಕೊರೆದು ಹಾಕಿತು. ಮಿಕ್ಕಿದ್ದು ಎರಡು. ಕೆಕ್ಕರಿಕೆಯಾದರೆ ಹಣ್ಣಾದಾಗ ತಾನೇ ಬಿರಿಯುತ್ತದೆ, ಕರಬೂಜವಾದರೆ ಘಮ ಬರುತ್ತದೆ, ತೊಟ್ಟು ಕಳಚುತ್ತದೆ. ಇದು ಬಿರಿಯಲೂ ಇಲ್ಲ, ಘಮಿಸಲೂ ಇಲ್ಲ. ದಿನಾ ಸೀರೆ ಸರಿಸಿ ಮೂಗು ಹಚ್ಚಿ ನೋಡುತ್ತಿದ್ದೆ. ಮಣ್ಣಿನ ವಾಸನೆ ಬಿಟ್ಟು ಬೇರೆ ಏನೂ ಇಲ್ಲ. ಹಟಮಾರಿ ಹಣ್ಣು. ನಮ್ಮ ಮನೆಗೆ ಹೇಳಿ ಮಾಡಿಸಿದ ಹಾಗಿತ್ತು.

ಅಷ್ಟರಲ್ಲಿ ಹಿಂಗಾರು ಹಿಡಿಯಿತು. ಬಳ್ಳಿಯ ಎಲೆಗಳು ಒಣಗತೊಡಗಿದವು. ಮಹಾನವಮಿಯ ದಿನ ಆಯುಧಪೂಜೆ ಮುಗಿಸಿದ ಮೇಲೆ ಗಂಡ, ಇನ್ನೂ ಎಷ್ಟು ದಿನ ಕಾಯುವುದು ಎಂದು ಕೇಳಿದರು. ನನಗೂ ರೇಗಿತು. ಎರಡನ್ನೂ ಕುಯ್ದು ತಂದು ದೊಡ್ಡದನ್ನು ಎಲ್ಲರ ಮುಂದೆ ಹೆಚ್ಚಿದೆ. ಒಳಗೆ ತೆಳುಹಸಿರು, ಗಟ್ಟಿ. ಬಾಯಿಗೆ ಹಾಕಿದರೆ ಸಪ್ಪೆ. ಅತ್ತೆ ಎದ್ದು ಹೋಗಿ ಬೆಲ್ಲದ ಡಬ್ಬಿ ತಂದಿಟ್ಟರು. ಅವರು ಒಳ್ಳೆಯ ಮನಸ್ಸಿನಿಂದಲೇ ತಂದರು, ಅದೇ ನನ್ನನ್ನು ಹೆಚ್ಚು ಚುಚ್ಚಿತು. ಗಂಡ ಒಂದು ಹೋಳು ತಿಂದು ಸುಮ್ಮನೆ ಕೈ ಒರೆಸಿಕೊಂಡರು. ನಕ್ಕಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

"ಆ ಇನ್ನೊಂದನ್ನ ದನಕ್ಕೆ ಹಾಕಿ," ಎಂದು ಹೇಳಿ ಒಳಗೆ ಹೋದೆ.

ಮಾರನೆಯ ದಿನವೇ ಗಂಡ ಬಳ್ಳಿ ಎಳೆದು ಹಾಕಿ ಆ ಗುಂಡಿಯಲ್ಲಿ ಸಸಿ ನೆಟ್ಟರು. ನೆಟ್ಟಿದ್ದು ತಪ್ಪಲ್ಲ, ಮಾತಿನಂತೆ ನೆಟ್ಟರು. ಆದರೂ ಒಂದು ದಿನ ತಡೆಯಬಾರದಿತ್ತೇ? ನಾನು ಅವರ ಜೊತೆ ಮಾತು ಬಿಟ್ಟೆ. ಊಟ ಬಡಿಸುತ್ತಿದ್ದೆ, ಬೇಕೇ ಎಂದು ಕೇಳುತ್ತಿರಲಿಲ್ಲ. ಕಾಲು ಮಾತ್ರ ಹಳೆಯ ಅಭ್ಯಾಸಕ್ಕೆ ತೊಟ್ಟಿಯ ಕಡೆಗೇ ಹೋಗುತ್ತಿತ್ತು. ಬಿಂದಿಗೆ ತುಂಬಿಸಿದ ಮೇಲೆ ನೀರನ್ನು ಎಲ್ಲಿ ಸುರಿಯುವುದು? ಬೈದುಕೊಂಡೇ ಆ ಸಸಿಯ ಬುಡಕ್ಕೆ ಸುರಿದು ಬರುತ್ತಿದ್ದೆ.

ಸಂಕ್ರಾಂತಿಯ ಹಿಂದಿನ ವಾರ ಅಟ್ಟದಿಂದ ಕಾಯಿ ಇಳಿಸುವ ಕೆಲಸ ಬಂತು. ನಮ್ಮಲ್ಲಿ ತೆಂಗಿನಕಾಯಿಯನ್ನು ಮಟ್ಟೆಸಮೇತ ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಒಳಗೇ ಇಡೀ ಉಂಡೆಯಾಗಿ ಒಣಗಿ ಗಿಟುಕಾಗಬೇಕು. ಆಗಿದೆಯೋ ಇಲ್ಲವೋ ತಿಳಿಯಲು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ, ಒಳಗೆ ಲೊಟಲೊಟ ಎಂದರೆ ಆಗಿದೆ ಎಂದರ್ಥ. ನನ್ನ ಗಂಡನಿಗಂತೂ ಇದು ಚಾಳಿಯಾಗಿಬಿಟ್ಟಿದೆ. ಕೆಮ್ಮಿನ ಔಷಧಿಯನ್ನೂ ಕಿವಿಯ ಹತ್ತಿರ ಅಲ್ಲಾಡಿಸಿಯೇ ಕುಡಿಯುತ್ತಾರೆ.

ಅವರು ಮೇಲೆ ನಿಂತು ಕಾಯಿ ಕೊಡುತ್ತಿದ್ದರು, ನಾನು ಕೆಳಗೆ ನಿಂತು ಹಿಡಿಯುತ್ತಿದ್ದೆ, ಮಾತಿಲ್ಲದೆ. ಮೂಲೆಯ ಕಾಯಿಗಳ ಸರದಿ ಬಂದಾಗ ಅವರು ಒಂದನ್ನು ಕಿವಿಗೆ ಹಿಡಿದು ಅಲ್ಲಾಡಿಸಿ ಹಾಗೇ ನಿಂತರು.

"ಗಿಟುಕು ಬಿಟ್ಟದೆ ಕಣೇ," ಎಂದು ನನ್ನ ಕೈಗೆ ಇಳಿಸಿದರು.

ಅದು ತೆಂಗಿನಕಾಯಿ ಅಲ್ಲ. ನನ್ನ ಹಣ್ಣು. ಹಸಿರೆಲ್ಲ ಹಳದಿಗೆ ತಿರುಗಿತ್ತು, ಸುಕ್ಕು ಇನ್ನಷ್ಟು ಆಳವಾಗಿತ್ತು, ಅಲ್ಲಾಡಿಸಿದರೆ ಒಳಗೆ ಬೀಜ ಲೊಟಲೊಟ ಎನ್ನುತ್ತಿತ್ತು. ಕೊಳೆತಿರುತ್ತದೆ, ಹಿತ್ತಲಲ್ಲಿ ಹೆಚ್ಚು ಎಂದು ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ನಡುಮನೆಯಲ್ಲೇ ಕೂತು ಹೆಚ್ಚಿದೆ. ಚಾಕು ಇಳಿದ ಕೂಡಲೇ ಇಡೀ ಮನೆಗೆ ಘಮ ಬಂತು. ತಿರುಳು ಬೆಣ್ಣೆಯ ಹಾಗೆ ಮೆತ್ತಗಾಗಿತ್ತು. ಅತ್ತೆ ಒಂದು ಹೋಳು ತಿಂದು, ಬೆಲ್ಲದ ಮಾತೆತ್ತದೆ ಮತ್ತೆ ಕೈ ಚಾಚಿದರು. ನಾನೂ ತಿಂದೆ. ಅಷ್ಟು ಸಿಹಿಯಾದ ಹಣ್ಣನ್ನು ಹುಟ್ಟಿದಾಗಿನಿಂದ ತಿಂದಿರಲಿಲ್ಲ. ಕುಯ್ದ ಮೇಲೆ ತಿಂಗಳುಗಟ್ಟಲೆ ಇಟ್ಟು ತಿನ್ನಬೇಕಾದ ಜಾತಿ ಅದು. ನಾವು ಮೂವರೂ ಹುಟ್ಟಿದಾಗಿನಿಂದ ಕಾಯಿಯನ್ನು ವರ್ಷಗಟ್ಟಲೆ ಇಟ್ಟು ಕಾಯುವವರು, ಒಂದು ಹಣ್ಣನ್ನು ಇಟ್ಟು ನೋಡೋಣ ಎಂದು ಒಬ್ಬರಿಗೂ ಹೊಳೆದಿರಲಿಲ್ಲ.

ಸಂತೋಷಪಡಬೇಕಾದ ಹೊತ್ತಿನಲ್ಲಿ ನನಗೆ ಬಂದಿದ್ದು ಸಿಟ್ಟು.

"ದನಕ್ಕೆ ಹಾಕಿ ಅಂದಿದ್ದೆ. ಅಟ್ಟಕ್ಕೆ ಹೆಂಗೆ ಹೋಯ್ತು?"

"ದಿನಾ ನೀರು ಹೊತ್ತು ಬೆಳೆಸಿದ್ದೆಯಲ್ಲ. ದನದ ಮುಂದಕ್ಕೆ ಹಾಕಕ್ಕೆ ಕೈ ಬರ್ಲಿಲ್ಲ. ಎಲ್ಲಿಡಾದು ಗೊತ್ತಾಗ್ಲಿಲ್ಲ, ಕಾಯಿ ಜೊತೆಗೆ ಇಟ್ಟೆ. ಆಮೇಲೆ ಮರೆತೇ ಹೋಯ್ತು."

"ಆವತ್ತೇ ಹೇಳ್ಬಾರ್ದಿತ್ತಾ?"

"ನೀನು ಮಾತಾಡ್ತಿದ್ರೆ ತಾನೇ ಹೇಳಾದು."

ಇಂಥ ಮನುಷ್ಯನ ಜೊತೆ ಜಗಳ ಆಡುವುದು ಹೇಗೆ? ಇಷ್ಟು ದಿನ ಜೋಪಾನ ಮಾಡಿದ್ದ ಸಿಟ್ಟನ್ನೂ ಕೈಯಿಂದ ಕಿತ್ತುಕೊಂಡರು. ಅತ್ತೆ ಆಗಲೇ ಬೀಜಗಳನ್ನು ಸಗಣಿಯಲ್ಲಿ ಕಲೆಸಿ ಹಿತ್ತಲ ಗೋಡೆಗೆ ತಟ್ಟುತ್ತಿದ್ದರು, ಹುಳ ಹಿಡಿಯದೆ ಮುಂದಿನ ಆಷಾಢದವರೆಗೂ ಇರಲಿ ಎಂದು. ಒಂದು ಬೀಜವೂ ಕೆಳಗೆ ಬೀಳದ ಹಾಗೆ ತಟ್ಟಿದರು. ಸೌತೆಕಾಯಿ ಎಂದಿದ್ದವರು ಅವರೇ.

ಮಾರನೆಯ ಬೆಳಿಗ್ಗೆ ನಾನು ತೊಟ್ಟಿಯ ಹತ್ತಿರ ಹೋದಾಗ ಗಂಡ ಗುದ್ದಲಿ ಹಿಡಿದು ಸಸಿಯ ಮುಂದೆ ನಿಂತಿದ್ದರು.

"ಮಾತು ಅಂದ್ರೆ ಮಾತು. ಜಾಗ ನಿಂದು. ಇದನ್ನ ಕಿತ್ತಾಕ್ತೀನಿ," ಎಂದರು.

ತೆಂಗಿನವರು ನೆಟ್ಟ ಸಸಿಯನ್ನು ತಾವೇ ಕೀಳುವುದನ್ನು ನಾನು ಎಲ್ಲೂ ಕಂಡಿಲ್ಲ. ಅವರ ಮುಖ ನೋಡಲಾಗಲಿಲ್ಲ, ಸಸಿಯನ್ನು ನೋಡಿದೆ. ನಾನು ಬೈದು ಬೈದು ಸುರಿದ ನೀರು ಕುಡಿದು ಅದು ಹೊಸ ಸುಳಿ ಬಿಟ್ಟಿತ್ತು. ದರಿದ್ರದ್ದು, ಎಷ್ಟು ಚೆನ್ನಾಗಿ ಬೇರು ಹಿಡಿದಿತ್ತು.

"ಬುಡ್ರೀ ಅದನ್ನ. ಸುಳಿ ಬಂದದೆ, ಕಣ್ಣು ಕಾಣಲ್ವಾ?"

ಅವರು ಗುದ್ದಲಿ ಇಳಿಸಿದರು.

"ಮತ್ತೆ ನಿನ್ನ ಬೀಜ ಎಲ್ಲಿ ಹಾಕ್ತೀಯ?"

ನಾನು ಬಿಂದಿಗೆಯ ನೀರನ್ನು ಸಸಿಯ ಬುಡಕ್ಕೆ ಸುರಿದೆ.

"ಇಲ್ಲೇ, ನನ್ನ ಜಾಗದಲ್ಲಿ," ಎಂದೆ. "ನಿಮ್ಮ ಸಸಿ ಬೇಕಾದ್ರೆ ಇಲ್ಲೇ ಇದ್ಕೊಳ್ಳಲಿ."